ಹತ್ತರ ಫಲಿತಾಂಶ ಒಂದರಲ್ಲೇ ನಿರ್ಧಾರ

ಕರಾವಳಿ ಏಕೆ ಮುಂದೆ, ಕಲ್ಯಾಣ ಕರ್ನಾಟಕ ಏಕೆ ಹಿಂದೆ ಎಂಬ ಪ್ರಶ್ನೆ ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆನ್ನಿಗೇ ಬರುತ್ತದೆ. ಉತ್ತರವನ್ನು ನಾವು ಹತ್ತನೇ ತರಗತಿಯಲ್ಲಿ ಹುಡುಕುತ್ತೇವೆ. ಅದು ಇರುವುದು ಒಂದನೇ ತರಗತಿಯಲ್ಲಿ.

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಕೆಲವೇ ನಿಮಿಷಗಳಲ್ಲಿ ಜಿಲ್ಲಾವಾರು ಪಟ್ಟಿ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಮೇಲಿದ್ದ ಜಿಲ್ಲೆಯಲ್ಲಿ ಸಿಹಿ ಹಂಚುತ್ತಾರೆ. ಕೆಳಗಿದ್ದ ಜಿಲ್ಲೆಯಲ್ಲಿ ಡಿಡಿಪಿಐ ಅವರಿಂದ ವಿವರಣೆ ಕೇಳುತ್ತಾರೆ. ಉಸ್ತುವಾರಿ ಸಚಿವರು ಸಭೆ ಕರೆಯುತ್ತಾರೆ. ಮುಂದಿನ ವರ್ಷ ಮೊದಲ ಹತ್ತರೊಳಗೆ ಬರಲೇಬೇಕು ಎಂಬ ಸೂಚನೆ ಬಿಇಒ ಮೂಲಕ ಪ್ರತಿ ಪ್ರೌಢಶಾಲೆಗೂ ತಲುಪುತ್ತದೆ. ಅಲ್ಲಿಂದ ವಿಶೇಷ ತರಗತಿ, ಸರಣಿ ಪರೀಕ್ಷೆ, ರಾತ್ರಿ ಓದು, ಬೆಳಗಿನ ಜಾವ ಮಕ್ಕಳನ್ನು ಎಬ್ಬಿಸುವ ಫೋನ್ ಕರೆ, ಪಾಸಿಂಗ್ ಪ್ಯಾಕೇಜ್. ಶಿಕ್ಷಕರು ನಾಲ್ಕಾರು ಮಕ್ಕಳನ್ನು 'ದತ್ತು' ತೆಗೆದುಕೊಂಡು ಹಗಲಿರುಳು ದುಡಿಯುತ್ತಾರೆ. ಅವರ ಶ್ರಮದಲ್ಲಿ ಒಂದಿಷ್ಟೂ ಕೊರತೆಯಿಲ್ಲ. ಆದರೆ ಅದು ಬೀಳುವ ಹೊತ್ತಿಗೆ ಒಂಬತ್ತು ವರ್ಷ ತಡವಾಗಿರುತ್ತದೆ.

ಪಟ್ಟಿ ಹೇಳುವುದೇನು?

ಮೂರು ವರ್ಷಗಳ ಪಟ್ಟಿಯನ್ನು ಒಟ್ಟಿಗೆ ಇಟ್ಟು ನೋಡೋಣ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಚಿತ್ರದುರ್ಗ ಶೇ 96.80 ಪಡೆದು ಮೊದಲ ಸ್ಥಾನದಲ್ಲಿತ್ತು. ಮಂಡ್ಯ, ಹಾಸನ ಕೂದಲೆಳೆಯಷ್ಟು ಹಿಂದಿದ್ದವು. ಉಡುಪಿ, ದಕ್ಷಿಣ ಕನ್ನಡ ಮೊದಲ ಹತ್ತರಲ್ಲೂ ಇರಲಿಲ್ಲ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಉಡುಪಿ ಶೇ 94, ದಕ್ಷಿಣ ಕನ್ನಡ ಶೇ 92.12, ಶಿವಮೊಗ್ಗ ಶೇ 88.67. ಹಿಂದಿನ ವರ್ಷ ಮೊದಲ ಮೂರು ಸ್ಥಾನದಲ್ಲಿದ್ದ ಜಿಲ್ಲೆಗಳಲ್ಲಿ ಒಂದೂ ಅಲ್ಲಿ ಉಳಿಯಲಿಲ್ಲ. 2025ರಲ್ಲಿ ಆ ಹೆಚ್ಚುವರಿ ಕೃಪಾಂಕವೂ ಹೋಯಿತು. ಮೊದಲ ಪರೀಕ್ಷೆಯಲ್ಲಿ ರಾಜ್ಯ ಶೇ 62.34ಕ್ಕೆ ಕುಸಿಯಿತು. ದಕ್ಷಿಣ ಕನ್ನಡ ಮಾತ್ರ ಶೇ 91.12ರಲ್ಲಿ ನಿಂತಿತು. ಕಲಬುರಗಿ ಶೇ 42.43ರೊಂದಿಗೆ ಕೊನೆಯಲ್ಲಿತ್ತು.

ಒಂದು ವರ್ಷದಲ್ಲಿ ಯಾವ ಜಿಲ್ಲೆಯ ಮಕ್ಕಳೂ ದಡ್ಡರಾಗುವುದಿಲ್ಲ, ಯಾವ ಜಿಲ್ಲೆಯ ಶಿಕ್ಷಕರೂ ಕಲಿಸುವುದನ್ನು ಮರೆಯುವುದಿಲ್ಲ. ಬದಲಾದದ್ದು ಅಳೆಯುವ ರೀತಿ. ಅಳತೆ ಬಿಗಿಯಾದಾಗ ಎಲ್ಲಿ ಅಂಕಿ ಅಲುಗಾಡಲಿಲ್ಲವೋ ಅಲ್ಲಿ ಕಲಿಕೆ ಗಟ್ಟಿಯಾಗಿದೆ ಎಂದರ್ಥ. ಈ ಪಟ್ಟಿಯಲ್ಲಿ ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳೆಲ್ಲ ಸೇರಿವೆ ಎಂಬುದನ್ನೂ ಮರೆಯಬಾರದು. ಅನುದಾನಿತ ಶಾಲೆಗಳ ಹಳೆಯ ಬೇರು ಇರುವ ಕರಾವಳಿಯನ್ನೂ ಸರ್ಕಾರಿ ಶಾಲೆಯೊಂದೇ ಆಸರೆಯಾಗಿರುವ ಯಾದಗಿರಿಯ ಹಳ್ಳಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೂ ಕರಾವಳಿಯಿಂದ ಕಲಿಯುವುದು ಬಹಳಷ್ಟಿದೆ.

ಕರಾವಳಿಗೆ ಈ ಗಟ್ಟಿತನ ಬಂದದ್ದು ಹೇಗೆ?

ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದರ ಹಿಂದೆಯೇ ಶಾಲೆಗಳು, ಮುದ್ರಣಾಲಯ, ಪತ್ರಿಕೆ ಬಂದವು. ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿ, ಶಾಲೆಯ ಬಾಗಿಲನ್ನೇ ನೋಡದ ಮಕ್ಕಳನ್ನು ಒಳಗೆ ಕರೆತಂದರು. ಊರಿನ ದೇವಸ್ಥಾನ, ಚರ್ಚ್, ಮಸೀದಿ ಮಂಡಳಿಗಳು ಶಾಲೆ ನಡೆಸಿದವು. 1906ರಿಂದ 1931ರ ನಡುವೆ, ಉಡುಪಿಯೂ ಸೇರಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಹುಟ್ಟಿದವು. ಲೆಕ್ಕ ಬಲ್ಲ ಹುಡುಗನಿಗೆ ಕೆಲಸವಿದೆ ಎಂಬುದನ್ನು ತಂದೆತಾಯಿ ಕಣ್ಣಾರೆ ಕಂಡರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರರು ಭೂಮಿಯ ಒಡೆಯರಾದರು. ಬೀಡಿ ಕಟ್ಟುವ ತಾಯಂದಿರ ಕೈಗೆ ವಾರದ ಕೂಲಿ ಬರುತ್ತಿತ್ತು. ಒಂದು ತಲೆಮಾರು ಕಳೆಯುವುದರೊಳಗೆ ಅವರ ಮಕ್ಕಳು ಪ್ರೌಢಶಾಲೆ ಮುಟ್ಟಿದರು.

ಅತ್ತ ಬೀದರ್, ಕಲಬುರಗಿ, ರಾಯಚೂರು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಆಡಳಿತ ಮತ್ತು ಮೇಲಿನ ಹಂತದ ಶಿಕ್ಷಣ ಉರ್ದುವಿನಲ್ಲಿತ್ತು. ಮನೆಯಲ್ಲಿ ಕನ್ನಡ ಮಾತನಾಡುವ ರೈತನ ಮಗನಿಗೆ ಶಾಲೆಯ ಭಾಷೆ ದೂರದ್ದಾಗಿತ್ತು, ಶಾಲೆಗಳೂ ವಿರಳವಾಗಿದ್ದವು. 2011ರ ಜನಗಣತಿಯ ಹೊತ್ತಿಗೆ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಯಾದಗಿರಿಯದು ಶೇ 51.83. ಯಾದಗಿರಿಯಲ್ಲಿ ಇಂದು ಹತ್ತನೇ ತರಗತಿಗೆ ಬಂದ ಎಷ್ಟೋ ಮಕ್ಕಳು ತಮ್ಮ ಮನೆಯಲ್ಲಿ ಅಷ್ಟು ದೂರ ಓದಿದ ಮೊದಲಿಗರು. ಅವರ ಮನೆಯಲ್ಲಿ ನೋಟ್ ಪುಸ್ತಕ ತೆರೆದು ನೋಡಿ, ಇಲ್ಲಿ ತಪ್ಪಾಗಿದೆ ಎಂದು ಹೇಳುವವರಿಲ್ಲ. ಆ ಕೆಲಸವೂ ಶಾಲೆಯ ಮೇಲೆಯೇ ಬೀಳುತ್ತದೆ.

ಇದನ್ನೆಲ್ಲ ಕೇಳಿದವರು, "ಹಾಗಾದರೆ ಇದು ಚರಿತ್ರೆಯ ಹೊರೆ, ನಾವೇನು ಮಾಡಲಾದೀತು?" ಎಂದು ಕೈಚೆಲ್ಲುವುದುಂಟು. ಆದರೆ ಕರಾವಳಿಯಲ್ಲಿಯೇ ಈ ವಾದಕ್ಕೆ ಉತ್ತರವಿದೆ. ಅಲ್ಲಿನ ಬಹುಪಾಲು ಮಕ್ಕಳ ಮನೆಮಾತು ತುಳು, ಬ್ಯಾರಿ ಅಥವಾ ಕೊಂಕಣಿ. ಶಾಲೆಯ ಕನ್ನಡ ಅವರಿಗೂ ಎರಡನೇ ಭಾಷೆಯೇ. ಮೊದಲ ಎರಡು ಮೂರು ವರ್ಷಗಳಲ್ಲಿ ಆ ದಾರಿಯನ್ನು ಯಾರಾದರೂ ಕೈಹಿಡಿದು ದಾಟಿಸಿದರೆ ಮನೆಮಾತು ಬೇರೆಯಾಗಿರುವುದು ಮಗುವನ್ನು ತಡೆಯದು. ಕಲಬುರಗಿಯ ತಾಂಡಾಗಳ ಲಂಬಾಣಿ ಮಕ್ಕಳಿಗೂ ಗಡಿಯ ತೆಲುಗು ಮಕ್ಕಳಿಗೂ ಬೇಕಾದದ್ದು ಹಾಗೆ ಕೈಹಿಡಿಯುವವರು.

ಹರೇಕಳ ಹಾಜಬ್ಬರ ಕಥೆಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಅವರು ತಮ್ಮೂರಿಗೆ ಶಾಲೆ ತಂದರು, ಪದ್ಮಶ್ರೀ ಪಡೆದರು. ಒಬ್ಬ ವ್ಯಕ್ತಿಯ ಸಾಹಸವೆಂದು ನಾವು ಅದನ್ನು ಕೊಂಡಾಡುತ್ತೇವೆ, ಕೊಂಡಾಡಲೇಬೇಕು. ಆದರೆ ಅವರು ಕಚೇರಿಯಿಂದ ಕಚೇರಿಗೆ ಅಲೆದು ಕೇಳಿದ್ದು ಸರ್ಕಾರಿ ಶಾಲೆಯನ್ನು. ಮಂಜೂರಾತಿ ಸಿಕ್ಕಿತು, ಶಿಕ್ಷಕರು ಬಂದರು, ತರಗತಿಗಳು ಏರುತ್ತ ಪ್ರೌಢಶಾಲೆಯಾಯಿತು. ಊರಿನ ಹಟಕ್ಕೆ ವ್ಯವಸ್ಥೆ ಓಗೊಟ್ಟಾಗ ಶಾಲೆ ನಿಲ್ಲುತ್ತದೆ.

ರ, ಗ, ಸ, ದ, ಅ

ಕಲಿಕೆಯ ತಳಪಾಯ ಬೀಳುವುದು ಹೇಗೆ ಎಂದು ನೋಡಬೇಕಾದರೆ ಸರ್ಕಾರಿ ಶಾಲೆಯ ನಲಿಕಲಿ ಕೊಠಡಿಗೆ ಹೋಗಬೇಕು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಅಲ್ಲಿ ಒಟ್ಟಿಗೆ ನೆಲದ ಮೇಲೆ ಗುಂಪುಗುಂಪಾಗಿ ಕೂತಿರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆಟಕುವ ಎತ್ತರದಲ್ಲಿ ಕಪ್ಪುಹಲಗೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರ ತುಂಬ ಮಕ್ಕಳೇ ಬಿಡಿಸಿದ ಚಿತ್ರಗಳು. ಗೋಡೆಯಲ್ಲಿ ಕಲಿಕಾ ಏಣಿ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಪ್ರಗತಿನೋಟದಲ್ಲಿ ಗುರುತು ಹಾಕಿರುತ್ತಾರೆ.

ಅಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸಾಕು, ಮಗು ಸರ, ಅಗಸ, ಅರಸ, ಗರಗಸ ಎಂದು ಓದುತ್ತದೆ. ಐವತ್ತು ಅಕ್ಷರ ಮುಗಿಯುವವರೆಗೆ ಕಾಯದೆ ಮೊದಲ ವಾರಗಳಲ್ಲೇ ತಾನೇ ಒಂದು ಪದ ಓದಿದ ಸಂತೋಷ ಅದಕ್ಕೆ ಸಿಗುತ್ತದೆ. ಓದು ಎಂದರೆ ಅರ್ಥ ಎಂಬುದು ಆಗಲೇ ಮನಸ್ಸಿಗೆ ಇಳಿಯುತ್ತದೆ. ಒಂದು ವಾರ ಜ್ವರ ಬಂದು ಮಲಗಿದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಪಾಠ ತನ್ನನ್ನು ಬಿಟ್ಟು ಮುಂದೆ ಹೋಯಿತೆಂಬ ಭಯ ಅದಕ್ಕಿಲ್ಲ.

ಇದು ಹುಟ್ಟಿದ್ದು ನಮ್ಮಲ್ಲೇ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯಲ್ಲಿ ಕಂಡದ್ದನ್ನು ತಮ್ಮ ಊರಿಗೆ ಹೊಂದಿಸಿಕೊಂಡು, ಯುನಿಸೆಫ್ ನೆರವಿನಿಂದ ಕಟ್ಟಿದ ಪದ್ಧತಿ. 2009–10ರಿಂದ ಅದು ರಾಜ್ಯದಾದ್ಯಂತ ಹರಡಿತು. ಹರಡಿದ ಕಡೆಯೆಲ್ಲ ಒಂದೇ ಬಗೆಯ ಫಲ ಕೊಡಲಿಲ್ಲ. ಕಾರ್ಡುಗಳು ಹರಿದು, ಹೊಸವು ಬಾರದೆ, ತರಬೇತಿ ಪಡೆದ ಶಿಕ್ಷಕಿ ವರ್ಗವಾಗಿ, ಅವರ ಜಾಗಕ್ಕೆ ಬಂದವರಿಗೆ ಪದ್ಧತಿಯೇ ಗೊತ್ತಿಲ್ಲದ ಶಾಲೆಗಳಲ್ಲಿ ನಲಿಕಲಿ ಹೆಸರಿಗಷ್ಟೇ ಉಳಿಯಿತು. ಒಳ್ಳೆಯ ಪದ್ಧತಿಯೂ ಅದನ್ನು ನಡೆಸುವ ಕೈ ಸ್ಥಿರವಾಗಿ ಇದ್ದಲ್ಲಿ ಮಾತ್ರ ಬಾಳುತ್ತದೆ.

ನಿಂತು ಕಲಿಸುವ ಶಿಕ್ಷಕರು

ಶಿಕ್ಷಕರ ನೇಮಕದಲ್ಲಿ ಕರ್ನಾಟಕ ಒಂದು ಕಾಲಕ್ಕೆ ದೇಶಕ್ಕೇ ಮಾದರಿಯಾಗಿತ್ತು. ಅಂಕ ಮತ್ತು ಪರೀಕ್ಷೆ ಆಧರಿಸಿ, ಕಂಪ್ಯೂಟರಿನಲ್ಲಿ ಪಟ್ಟಿ ತಯಾರಿಸಿ, ಶಿಫಾರಸಿಗೆ ಎಡೆಯಿಲ್ಲದಂತೆ ಆಯ್ಕೆ ಮಾಡುವ ಪದ್ಧತಿ ಇಲ್ಲಿ ಬೇಗ ಬೇರೂರಿತು. 2007ರ ಕಾಯ್ದೆ ವರ್ಗಾವಣೆಯನ್ನು ಶಾಸಕರ ಪತ್ರದಿಂದ ಬಿಡಿಸಿ ಕೌನ್ಸೆಲಿಂಗ್‌ಗೆ ತಂದಿತು. ಎ, ಬಿ, ಸಿ ವಲಯ ಮಾಡಿ, ದೂರದ ಹಳ್ಳಿಯಲ್ಲಿ ದುಡಿದವರಿಗೆ ಆದ್ಯತೆ ಕೊಟ್ಟಿತು. ಇವು ಸಣ್ಣ ಸಾಧನೆಗಳಲ್ಲ. ತನ್ನ ಊರಿಗೆ ಯಾವಾಗ, ಹೇಗೆ ಹೋಗಬಹುದು ಎಂಬುದು ನಿಯಮದಲ್ಲಿದೆ ಎಂದು ಗೊತ್ತಿರುವ ಶಿಕ್ಷಕಿ ರಾಜಕಾರಣಿಯ ಮನೆ ಬಾಗಿಲಲ್ಲಿ ನಿಲ್ಲದೆ ತರಗತಿಯಲ್ಲಿ ನಿಲ್ಲುತ್ತಾಳೆ.

ಆದರೆ ಕಲ್ಯಾಣ ಕರ್ನಾಟಕದಲ್ಲಿ ಖಾಲಿ ಹುದ್ದೆಗಳ ಹೊರೆ ವರ್ಷಗಳಿಂದ ಉಳಿದಿದೆ. ಅಲ್ಲಿಗೆ ನೇಮಕವಾದ ಹೊರ ಜಿಲ್ಲೆಯವರು ವರ್ಗಾವಣೆಗೆ ಕಾಯುತ್ತಾರೆ. ಶಾಲೆ ಶುರುವಾದ ಮೇಲೆ ಅತಿಥಿ ಶಿಕ್ಷಕರು ಬರುತ್ತಾರೆ, ವರ್ಷ ಮುಗಿದಾಗ ಹೋಗುತ್ತಾರೆ. ಮುಂದಿನ ಜೂನ್‌ಗೆ ಮಗುವಿನ ಮುಂದೆ ಹೊಸ ಮುಖ. 371(ಜೆ) ವಿಧಿಯ ಅಡಿ ಆ ಭಾಗದ ಸಿ ವೃಂದದ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. ಸ್ಥಳೀಯರು ಹುದ್ದೆಗೆ ಬಂದರೆ ಊರಲ್ಲೇ ನಿಲ್ಲುತ್ತಾರೆ. ಆದರೆ ಹುದ್ದೆ ತುಂಬಿದರಷ್ಟೇ ಆ ಮೀಸಲಿಗೆ ಬೆಲೆ.

ಇದ್ದ ಶಿಕ್ಷಕರೂ ತರಗತಿಗೆ ದಕ್ಕಬೇಕು. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕಲಿಕಾ ದಿನ ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದೂ ಹೇಳುತ್ತದೆ. ಆದರೂ 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆಯ ಉದ್ದೇಶ ದೊಡ್ಡದಿರಬಹುದು. ಆದರೆ ಖಾಸಗಿ ಶಾಲೆಯ ಮಗು ಪಾಠ ಕೇಳುತ್ತಿದ್ದ ದಿನಗಳಲ್ಲಿ ಬಡವರ ಮಗು ಮನೆಯಲ್ಲಿ ಕೂತಿತ್ತು. ಹೀಗೆ ಕಳೆದುಹೋದ ದಿನಗಳು ಯಾವ ಜಿಲ್ಲಾವಾರು ಪಟ್ಟಿಯಲ್ಲೂ ಕಾಣಿಸುವುದಿಲ್ಲ.

ಬರದ ನಾಡಿನ ಸೊಬ್ರಾಲ್

ಬಡ ಪ್ರದೇಶವೊಂದು ತನ್ನ ಸರ್ಕಾರಿ ಶಾಲೆಗಳನ್ನು ಮೇಲೆತ್ತಬಲ್ಲದೇ ಎಂದು ಕೇಳುವವರಿಗೆ ಬ್ರೆಜಿಲ್‌ನಲ್ಲಿ ಉತ್ತರವಿದೆ. ಆ ದೇಶದ ಈಶಾನ್ಯದಲ್ಲಿ ಬರಕ್ಕೆ ಹೆಸರಾದ ಸಿಯರಾ ರಾಜ್ಯ, ಅದರಲ್ಲಿ ಎರಡು ಲಕ್ಷದಷ್ಟು ಜನರಿರುವ ಸೊಬ್ರಾಲ್ ಪಟ್ಟಣ. ಈ ಶತಮಾನದ ಆರಂಭದಲ್ಲಿ ಅಲ್ಲಿ ನಡೆಸಿದ ಪರೀಕ್ಷೆಯಲ್ಲಿ ಕೆಳ ತರಗತಿಗಳ ಸುಮಾರು ಅರ್ಧದಷ್ಟು ಮಕ್ಕಳಿಗೆ ಓದಲು ಬಾರದು ಎಂದು ಬೆಳಕಿಗೆ ಬಂತು. ಸ್ಥಳೀಯ ಆಡಳಿತ ಆ ಅಂಕಿಯನ್ನು ಮುಚ್ಚಿಡಲಿಲ್ಲ. ಎರಡನೇ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವೂ ಓದಬೇಕು ಎಂಬ ಒಂದೇ ಗುರಿ ಇಟ್ಟುಕೊಂಡಿತು.

ಮುಖ್ಯ ಶಿಕ್ಷಕರನ್ನು ರಾಜಕೀಯ ಶಿಫಾರಸಿನಿಂದ ನೇಮಿಸುವ ರೂಢಿ ಬಿಟ್ಟು ಅರ್ಹತೆಯಿಂದ ಆರಿಸಿದರು. ಅನುಭವಿ ಶಿಕ್ಷಕರನ್ನು ಮೊದಲ ತರಗತಿಗಳಿಗೆ ಕೊಟ್ಟರು. ಪಾಠದ ಸಾಮಗ್ರಿಯನ್ನು ಸಿದ್ಧಪಡಿಸಿ ಕೈಗಿತ್ತು, ಅದನ್ನು ಬಳಸುವ ತರಬೇತಿಯನ್ನು ವರ್ಷವಿಡೀ ನಡೆಸಿದರು. ವರ್ಷಕ್ಕೆರಡು ಸಲ ಶಾಲೆಯ ಹೊರಗಿನವರು ಬಂದು ಮಕ್ಕಳು ಓದುವುದನ್ನು ಒಬ್ಬೊಬ್ಬರಾಗಿ ಕೇಳಿಸಿಕೊಂಡರು. ಬ್ರೆಜಿಲ್‌ನ ಸರ್ಕಾರಿ ಶಾಲೆಗಳ ಗುಣಮಟ್ಟ ಅಳೆಯುವ ಇಡೆಬ್ ಸೂಚ್ಯಂಕದಲ್ಲಿ 2005ರಲ್ಲಿ 10ಕ್ಕೆ 4 ಪಡೆದಿದ್ದ ಸೊಬ್ರಾಲ್ 2017ರಲ್ಲಿ 9.1 ಮುಟ್ಟಿ ಇಡೀ ದೇಶದಲ್ಲಿ ಮೊದಲನೆಯದಾಯಿತು.

ಸೊಬ್ರಾಲ್‌ನ ಅನುಭವವನ್ನು 2007ರಿಂದ ಸಿಯರಾ ಇಡೀ ರಾಜ್ಯಕ್ಕೆ ಹರಡಿತು. ಸ್ಥಳೀಯ ಸಂಸ್ಥೆಗಳಿಗೆ ಹಂಚುವ ತೆರಿಗೆ ಹಣದಲ್ಲಿ ಶೇ 18ನ್ನು ಶಿಕ್ಷಣದ ಸಾಧನೆಗೆ ಜೋಡಿಸಿತು. ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿದ್ದು: ಉತ್ತಮ ಫಲಿತಾಂಶದ ಶಾಲೆಗೆ ಬಹುಮಾನ ಕೊಟ್ಟರೂ ಪೂರ್ತಿ ಹಣ ಒಮ್ಮೆಗೇ ಕೊಡುವುದಿಲ್ಲ. ಆ ಶಾಲೆ ಹಿಂದುಳಿದ ಇನ್ನೊಂದು ಶಾಲೆಗೆ ಜೊತೆಯಾಗಿ ಅದನ್ನು ಮೇಲೆತ್ತಿದಾಗಲೇ ಉಳಿದ ಕಂತು. ನಮ್ಮಲ್ಲಿ ಮೊದಲ ಸ್ಥಾನದ ಜಿಲ್ಲೆಗೆ ಕೊನೆಯ ಸ್ಥಾನದ ಜಿಲ್ಲೆಯ ಬಗ್ಗೆ ಯಾವ ಹೊಣೆಯೂ ಇಲ್ಲ. ಅಲ್ಲಿ ಗೆದ್ದವರಿಗೆ ಆ ಹೊಣೆಯೂ ಸೇರಿಯೇ ಬಹುಮಾನ. ಭಾಷೆ, ಗಣಿತದ ಪರೀಕ್ಷೆಗಳಿಗೇ ಹೆಚ್ಚು ಒತ್ತು ಬಿತ್ತೆಂಬ ಟೀಕೆ ಈ ಮಾದರಿಯ ಮೇಲಿದೆ. ಅದನ್ನು ಕಿವಿಗೆ ಹಾಕಿಕೊಂಡೇ ನಾವು ಕಲಿಯಬಹುದು.

ಹಸಿವು, ಗುಳೆ ಮತ್ತು ಹಾಜರಿ

ಮಗು ಶಾಲೆಯಲ್ಲಿದ್ದರೆ ತಾನೇ ಕಲಿಯುವುದು? 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾದದ್ದು ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ. ಅಗತ್ಯ ಹೆಚ್ಚಿರುವಲ್ಲಿಂದ ಶುರು ಮಾಡಿದ ಆ ನಿರ್ಧಾರ ಸರಿಯಾಗಿತ್ತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, ಆಮೇಲೆ ಮೊಟ್ಟೆ ಬಂತು. ಮೊಟ್ಟೆಯನ್ನೂ ಮೊದಲು ಕೊಟ್ಟದ್ದು ಅಪೌಷ್ಟಿಕತೆ ಹೆಚ್ಚಿದ್ದ ಕಲ್ಯಾಣ ಕರ್ನಾಟಕದ ಕಡೆಯಲ್ಲೇ.

ಆದರೆ ಹತ್ತಿ ಬಿಡಿಸುವ ಕಾಲ ಬಂತೆಂದರೆ ಯಾದಗಿರಿ, ರಾಯಚೂರಿನ ತರಗತಿಗಳಲ್ಲಿ ಸಾಲುಗಳು ಖಾಲಿಯಾಗುತ್ತವೆ. ಕೂಲಿಗೆ ಹೋದ ತಾಯಿಯ ಕೂಸನ್ನು ನೋಡಿಕೊಳ್ಳಲು ಎಂಟು ವರ್ಷದ ಅಕ್ಕ ಮನೆಯಲ್ಲೇ ನಿಲ್ಲುತ್ತಾಳೆ. ಸುಗ್ಗಿ ಮುಗಿದರೆ ಬೆಂಗಳೂರು, ಪುಣೆ, ಮುಂಬೈಗೆ ಗುಳೆ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಮಗು ಇರುವುದಿಲ್ಲ. ಇಂಥ ಮಗು ಏಳನೇ ತರಗತಿಗೆ ಬಂದಾಗಲೂ ಒತ್ತಕ್ಷರದಲ್ಲಿ ತಡವರಿಸುತ್ತದೆ. ಒಂಬತ್ತರಲ್ಲಿ ವಿಜ್ಞಾನದ ಪುಟವನ್ನು ಓದಲಾರದೆ ಸುಮ್ಮನೆ ಕೂರುತ್ತದೆ. ಹತ್ತರಲ್ಲಿ ಪಾಸಿಂಗ್ ಪ್ಯಾಕೇಜನ್ನು ಬಾಯಿಪಾಠ ಮಾಡುತ್ತದೆ. ತಂದೆತಾಯಿ ದುಡಿಯಲು ಹೋದಾಗ ಮಗು ಊರಲ್ಲೇ ಉಳಿದು ಓದಲು ಋತುಮಾನದ ವಸತಿ, ಕೂಸಿಗೆ ಸಂಜೆಯವರೆಗೂ ತೆರೆದಿರುವ ಅಂಗನವಾಡಿ, ಇವು ಆ ಜಿಲ್ಲೆಗಳಲ್ಲಿ ಶಾಲಾ ಕಟ್ಟಡದಷ್ಟೇ ಮುಖ್ಯ.

ಏನು ಮಾಡಬೇಕು?

ಮೊದಲನೆಯದು, ಹಿಂದುಳಿದ ಜಿಲ್ಲೆಗಳ ಖಾಲಿ ಹುದ್ದೆಗಳನ್ನು ತುಂಬಬೇಕು, ಅದರಲ್ಲೂ ಮೊದಲು ಒಂದರಿಂದ ಮೂರನೇ ತರಗತಿಯವನ್ನು. ಶಾಲೆಯ ಅತ್ಯಂತ ನುರಿತ ಶಿಕ್ಷಕಿಗೆ ಒಂದನೇ ತರಗತಿ ಕೊಡುವುದು ಗೌರವವೆನಿಸಬೇಕು. ಈಗ ಹೊಸಬರಿಗೆ, ಅತಿಥಿಗಳಿಗೆ ಅದು ಹೋಗುವುದೇ ಹೆಚ್ಚು.

ಎರಡನೆಯದು, ಸಿಆರ್‌ಪಿಗಳನ್ನು ಅವರ ಮೂಲ ಕೆಲಸಕ್ಕೆ ಮರಳಿಸಬೇಕು. ಒಂದು ಕ್ಲಸ್ಟರಿನ ಶಾಲೆಗಳಿಗೆ ಹೋಗಿ, ತರಗತಿಯಲ್ಲಿ ಕೂತು, ಪಾಠ ಮಾಡಿ ತೋರಿಸಿ ನೆರವಾಗಲೆಂದು ಇರುವ ಹುದ್ದೆ ಅದು. ಮಾಹಿತಿ ತುಂಬಿ ಕಳಿಸುವ ಕೆಲಸದಲ್ಲೇ ಅವರ ದಿನ ಮುಗಿಯುತ್ತಿದೆ. ಹಳ್ಳಿಯಲ್ಲಿ ಒಂಟಿಯಾಗಿ ದುಡಿಯುವ ಶಿಕ್ಷಕಿಗೆ ತಿಂಗಳಿಗೊಮ್ಮೆ ಬಂದು, "ಈ ಮಗುವಿಗೆ ಹೀಗೆ ಮಾಡಿ ನೋಡೋಣ ಮೇಡಂ" ಎನ್ನುವ ಜೊತೆಗಾರರು ಬೇಕು.

ಮೂರನೆಯದು, ಮೂರನೇ ತರಗತಿಯ ಕೊನೆಯಲ್ಲಿ ಪ್ರತಿ ಮಗು ಓದುವುದನ್ನು ಕೂತು ಕೇಳಬೇಕು. ಮಕ್ಕಳನ್ನು ಪಾಸು ಫೇಲು ಮಾಡಲಿಕ್ಕಾಗಲೀ ಶಾಲೆಗಳಿಗೆ ರ‍್ಯಾಂಕ್ ಕೊಡಲಿಕ್ಕಾಗಲೀ ಅಲ್ಲ, ಎಲ್ಲಿ ಹೆಚ್ಚು ನೆರವು ಬೇಕೆಂದು ತಿಳಿಯಲು. 2021ರಲ್ಲಿ ಶುರುವಾದ ನಿಪುಣ್ ಭಾರತ್ 2026–27ರೊಳಗೆ ಎಲ್ಲ ಮಕ್ಕಳಿಗೂ ಈ ಹಂತದ ಓದು, ಲೆಕ್ಕ ಬರಬೇಕು ಎಂದು ಗುರಿ ಇಟ್ಟಿದೆ. ಕಾಗದದ ಗುರಿ ಊರಿನ ಮಾತಾಗಬೇಕಾದರೆ ಆ ವಿವರ ಎಸ್‌ಡಿಎಂಸಿ ಸಭೆಯಲ್ಲಿ ತಂದೆತಾಯಿಯ ಮುಂದೆ ಬರಬೇಕು. ಸುಣ್ಣಬಣ್ಣ, ಕಾಂಪೌಂಡ್, ಶೌಚಾಲಯದ ಚರ್ಚೆಯ ಜೊತೆಗೆ, "ನಮ್ಮ ಮಕ್ಕಳು ಓದ್ತಾರೇನ್ರಿ?" ಎಂದು ಒಬ್ಬ ತಾಯಿ ಧೈರ್ಯವಾಗಿ ಕೇಳುವಂತಾಗಬೇಕು.

ಮುಂದಿರುವ ಜಿಲ್ಲೆಗಳಿಗೂ ಒಂದು ಮಾತು. ದಕ್ಷಿಣ ಕನ್ನಡ, ಉಡುಪಿಯ ನುರಿತ ಶಿಕ್ಷಕರು ಯಾದಗಿರಿ, ಕಲಬುರಗಿಯ ತಾಲ್ಲೂಕುಗಳೊಂದಿಗೆ ಕೆಲವು ವರ್ಷ ಜೊತೆಯಾಗಿ ದುಡಿಯುವ ವ್ಯವಸ್ಥೆಯನ್ನು ಸರ್ಕಾರ ಮಾಡಬಹುದು. ಅಲ್ಲಿನ ಶಿಕ್ಷಕರಿಂದ ಕರಾವಳಿಯವರು ಕಲಿಯುವುದೂ ಇದೆ. ಮನೆಯಲ್ಲಿ ಪುಸ್ತಕವಿಲ್ಲದ, ಹೊಲದಿಂದ ಓಡಿ ಬಂದ ಮಗುವಿಗೆ ಅಕ್ಷರ ಕಲಿಸುವ ಕಸುಬನ್ನು ಕಲ್ಯಾಣ ಕರ್ನಾಟಕದ ಒಳ್ಳೆಯ ಶಿಕ್ಷಕಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ.

2026ರ ಜೂನ್‌ನಲ್ಲಿ ಯಾದಗಿರಿಯ ಒಂದು ಸರ್ಕಾರಿ ಶಾಲೆಗೆ ಒಂದನೇ ತರಗತಿಗೆ ಸೇರುವ ಹುಡುಗಿ ಎಸ್ಸೆಸ್ಸೆಲ್ಸಿ ಬರೆಯುವುದು 2036ರಲ್ಲಿ. ಆ ವರ್ಷದ ಜಿಲ್ಲಾವಾರು ಪಟ್ಟಿ ಬಂದ ದಿನ ಯಾರ ಮೇಲೋ ನೋಟಿಸ್ ಹೊರಡಿಸಿ ಪ್ರಯೋಜನವಿಲ್ಲ. ಅವಳ ಮುಂದೆ ಮೊದಲ ದಿನವೇ ಒಬ್ಬ ಕಾಯಂ ಶಿಕ್ಷಕಿ ಇರಬೇಕು. ಮೂರು ವರ್ಷವೂ ಅವರೇ ಇರಬೇಕು. ಅವಳ ಫಲಿತಾಂಶದ ಕೆಲಸ ಶುರುವಾಗಬೇಕಾದದ್ದು ಆಗ.